ಬೆಳಗಿನ ಸ್ಮೂದಿಗೆ ಭಾನುವಾರದ ತಯಾರಿ: ತರಕಾರಿ ಫ್ರೀಜರ್ ಸೇರುವ ಮುನ್ನ

(ಮೈಸೂರಿನ ಬಡಾವಣೆಯೊಂದರ ಮಹಿಳಾ ಸಮಾಜದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ತರಕಾರಿ ಕೊಳ್ಳುವುದು ನಮ್ಮ ಊರಿನಲ್ಲಿ ಕಷ್ಟದ ಕೆಲಸವಲ್ಲ. ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಎರಡು ಕೈಚೀಲ ತುಂಬುವಷ್ಟು ಸೊಪ್ಪು ಸಿಗುತ್ತದೆ. ಕಷ್ಟವಿರುವುದು ಅದನ್ನು ಬಿಡಿಸಿ, ತೊಳೆದು, ಹೆಚ್ಚಿ, ಕೆಡುವ ಮೊದಲು ಮನೆಯವರ ಹೊಟ್ಟೆಗೆ ಸೇರಿಸುವುದರಲ್ಲಿ. ಶನಿವಾರ ಆಸೆಪಟ್ಟು ತಂದ ಪಾಲಕ್ ಸೊಪ್ಪು ಬುಧವಾರದ ಹೊತ್ತಿಗೆ ಫ್ರಿಜ್ಜಿನಲ್ಲಿ ಹಳದಿಯಾಗಿ, ಶುಕ್ರವಾರ ನೀರು ಬಿಟ್ಟುಕೊಂಡು ಕಸದ ಬುಟ್ಟಿಗೆ ಹೋಗುವುದನ್ನು ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ಕಂಡಿದ್ದೀರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಿರುವ ವ್ಯಕ್ತಿಯ ತಟ್ಟೆಯಲ್ಲಿ 400 ಗ್ರಾಂ ತರಕಾರಿ ಇರಬೇಕೆಂದು ಹೇಳುತ್ತದೆ. ಸಾರಿನಲ್ಲಿ ತೇಲುವ ನಾಲ್ಕು ಹೋಳು, ಪಲ್ಯದ ಎರಡು ಚಮಚ ಸೇರಿಸಿದರೆ ಎಷ್ಟಾಗುತ್ತದೆ ಎಂಬುದನ್ನು ತಕ್ಕಡಿ ಇಟ್ಟು ತೂಗಿ ನೋಡಿದಾಗ ನನಗೆ ನಿಜವಾಗಿ ಕಳವಳವಾಯಿತು. ಬೆಳಿಗ್ಗೆ ಒಂದು ಲೋಟ ತರಕಾರಿ ಸ್ಮೂದಿ ಕುಡಿದರೆ ಆ ಕೊರತೆಯಲ್ಲಿ ನೂರು, ನೂರೈವತ್ತು ಗ್ರಾಂ ತುಂಬುತ್ತದೆ. ಆದರೆ ಮಕ್ಕಳ ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ಸೊಪ್ಪು ಬಿಡಿಸುತ್ತ ಕೂರಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಕುಳಿತು ಎಲ್ಲವನ್ನೂ ಸಿದ್ಧಪಡಿಸಿ ಫ್ರೀಜರ್‌ನಲ್ಲಿಡುವ ಕ್ರಮವನ್ನು ಕುರಿತು ಈ ದಿನ ಮಾತನಾಡುತ್ತೇನೆ.

ಮುಂಚಿತವಾಗಿ ಸಿದ್ಧಮಾಡಿಡುವುದು ನಮಗೆ ಹೊಸದಲ್ಲ. ಮಲೆನಾಡು, ಕರಾವಳಿಗಳಲ್ಲಿ ಹಲಸಿನ ತೊಳೆಯನ್ನು ಉಪ್ಪಿನಲ್ಲಿಟ್ಟು ಮಳೆಗಾಲ ಕಳೆದವರು ನಮ್ಮ ಹಿರಿಯರು. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿಯ ಡಬ್ಬಿ ಇಲ್ಲದ ಅಡುಗೆಮನೆ ಈಗಲೂ ಅಪರೂಪ. ಸೊಪ್ಪನ್ನು ಅರೆದು ಕುಡಿಯುವುದೂ ನಮಗೆ ಹೊಸದಲ್ಲ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ತೆಂಗಿನಕಾಯಿಯೊಂದಿಗೆ ನುಣ್ಣಗೆ ಅರೆದು, ಮಜ್ಜಿಗೆ ಬೆರೆಸಿ ಮಾಡುವ ತಂಬುಳಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ಸೊಪ್ಪಿದೆ, ಸ್ವಲ್ಪ ಜಿಡ್ಡಿದೆ, ಹುಳಿಯಿದೆ, ಸೋಸಿ ಬಿಸಾಡದ ನಾರಿದೆ. ಮುಖ್ಯವಾಗಿ, ಅರೆಯುವ ಮೊದಲು ಸೊಪ್ಪಿಗೆ ಬೆಂಕಿ ತಾಗಿಸುವ ಆ ಒಂದು ನಿಮಿಷವಿದೆ. ನಾನು ಇಂದು ಹೇಳಬೇಕೆಂದಿರುವುದರ ತಿರುಳು ಆ ಒಂದು ನಿಮಿಷದಲ್ಲಿಯೇ ಇದೆ. ಫ್ರೀಜರ್ ತಾನಾಗಿ ಯಾವ ತರಕಾರಿಯನ್ನೂ ಉತ್ತಮಗೊಳಿಸುವುದಿಲ್ಲ; ಒಳಗಿಟ್ಟದ್ದು ಹೇಗಿತ್ತೋ ಅದಕ್ಕಿಂತ ತುಸು ಕಡಿಮೆ ಗುಣದಲ್ಲಿ ಹಿಂದಿರುಗಿಸುತ್ತದೆ. ತರಕಾರಿಯ ಭವಿಷ್ಯ ತೀರ್ಮಾನವಾಗುವುದು ಅದು ಫ್ರೀಜರ್ ಸೇರುವುದಕ್ಕಿಂತ ಹಿಂದಿನ ಒಂದು ಗಂಟೆಯಲ್ಲಿ.

ನಾನು ಈ ಪದ್ಧತಿ ಆರಂಭಿಸಿದ ಹೊಸತರಲ್ಲಿ ಪಾಲಕ್ ಮತ್ತು ಮೆಂತ್ಯದ ಸೊಪ್ಪನ್ನು ತೊಳೆದು, ಒರೆಸಿ, ಹಸಿಯಾಗಿಯೇ ಚೀಲಗಳಲ್ಲಿ ತುಂಬಿ ಇಟ್ಟಿದ್ದೆ. ಮೂರು ವಾರಗಳ ನಂತರ ತೆಗೆದಾಗ ಬಣ್ಣ ಮಂಕಾಗಿತ್ತು, ಒಣಹುಲ್ಲಿನ ವಾಸನೆ ಬರುತ್ತಿತ್ತು. ಎಷ್ಟು ಬಾಳೆಹಣ್ಣು ಬೆರೆಸಿದರೂ ಆ ವಾಸನೆ ಅಡಗಲಿಲ್ಲ. ಇದಕ್ಕೆ ಕಾರಣ ಕಿಣ್ವಗಳು, ಅಂದರೆ ಎಲೆಯೊಳಗಿನ ರಾಸಾಯನಿಕ ಬದಲಾವಣೆಗಳನ್ನು ನಡೆಸುವ ವಸ್ತುಗಳು (ಎನ್‌ಜೈಮ್). ಗಿಡದಿಂದ ಕಿತ್ತ ಮೇಲೂ ಎಲೆಯೊಳಗಿನ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಂತುಹೋಗುತ್ತದೆ, ಆದರೆ ಕಿಣ್ವಗಳ ಕೆಲಸ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅವು ಎಲೆಯಲ್ಲಿರುವ ಅತ್ಯಲ್ಪ ಜಿಡ್ಡನ್ನು ಕೆಡಿಸುತ್ತವೆ, ಹಸಿರನ್ನು ಮಾಸಿಸುತ್ತವೆ, ಸಿ ಜೀವಸತ್ವವನ್ನು ಕರಗಿಸುತ್ತವೆ. ಅವುಗಳನ್ನು ತಡೆಯುವ ಸುಲಭದ ಉಪಾಯವೆಂದರೆ ಸ್ವಲ್ಪ ಹೊತ್ತಿನ ತೀವ್ರವಾದ ಶಾಖ. ಇದನ್ನೇ ಬ್ಲಾಂಚಿಂಗ್ ಎನ್ನುತ್ತಾರೆ. ಕುದಿಯುವ ನೀರಿನಲ್ಲಿ ಅದ್ದಿ, ನಿಗದಿತ ಹೊತ್ತಿಗೆ ತೆಗೆದು, ಕೂಡಲೇ ತಣ್ಣೀರಿಗೆ ಹಾಕುವ ಕ್ರಮವದು.

ಸೊಪ್ಪುಗಳಿಗೆ ಎರಡು ನಿಮಿಷ ಸಾಕು. ಆದರೆ ಆ ಎರಡು ನಿಮಿಷಕ್ಕೆ ಅರ್ಥ ಬರಬೇಕಾದರೆ ನೀರು ಧಾರಾಳವಾಗಿರಬೇಕು. ಕಾಲು ಕಿಲೋ ಬಿಡಿಸಿದ ಸೊಪ್ಪಿಗೆ ನಾನು ನಾಲ್ಕು ಲೀಟರ್ ನೀರು ಇಡುತ್ತೇನೆ. ಸೊಪ್ಪು ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಹಿಡಿಯಬೇಕು. ಹಿಡಿಯದಿದ್ದರೆ ಪಾತ್ರೆಗೆ ಸೊಪ್ಪು ಹೆಚ್ಚಾಯಿತೆಂದೇ ಅರ್ಥ, ಮುಂದಿನ ಸರದಿಯಲ್ಲಿ ಕಡಿಮೆ ಹಾಕಬೇಕು. ಸಮಯವನ್ನು ಎಣಿಸುವುದು ನೀರು ಮರಳಿ ಕುದಿಯಲಾರಂಭಿಸಿದ ಕ್ಷಣದಿಂದ. ಇಲ್ಲಿ ಉಳಿತಾಯದ ಮನೋಭಾವ ಕೆಲಸಕ್ಕೆ ಬರುವುದಿಲ್ಲ. ಅರೆಬರೆ ಬಿಸಿಯಾದ ನೀರಿನಲ್ಲಿ ಸೊಪ್ಪನ್ನು ನೆನೆಸಿದರೆ ಕಿಣ್ವಗಳು ಸಾಯುವುದಿಲ್ಲ, ಬದಲಿಗೆ ಇನ್ನಷ್ಟು ಚುರುಕಾಗುತ್ತವೆ. ಹಾಗೆ ಮಾಡುವುದಕ್ಕಿಂತ ಏನೂ ಮಾಡದಿರುವುದೇ ಮೇಲು. ಎರಡು ನಿಮಿಷವಾದೊಡನೆ ಜಾಲರಿ ಸೌಟಿನಿಂದ ಎತ್ತಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಬೇಕು. ಬೇಯಿಸಿದಷ್ಟೇ ಹೊತ್ತು ತಣಿಸಬೇಕೆಂಬುದು ಸಾಮಾನ್ಯ ಲೆಕ್ಕ. ಆಮೇಲೆ ಅಂಗೈಯಲ್ಲಿ ಹಿಡಿದು ನೀರು ಹಿಂಡಿದರೆ ದೊಡ್ಡ ಬುಟ್ಟಿಯಷ್ಟಿದ್ದ ಸೊಪ್ಪು ಎರಡು ಮುಷ್ಟಿಗೆ ಇಳಿದಿರುತ್ತದೆ. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣ ಚೆನ್ನಾಗಿ ನಿಲ್ಲುತ್ತದೆ ನಿಜ, ಆದರೆ ಸಿ ಜೀವಸತ್ವವೂ ಥಯಾಮಿನ್ ಎಂಬ ಬಿ1 ಜೀವಸತ್ವವೂ ಅದರಿಂದ ಹಾಳಾಗುತ್ತವೆ. ದಯವಿಟ್ಟು ಹಾಕಬೇಡಿ.

ಸೊಪ್ಪು ಬೇಯಿಸಿದ ನೀರನ್ನು ಏನು ಮಾಡಬೇಕೆಂಬುದು ನಮ್ಮ ಕಡೆಯವರಿಗೆ ಕೂಡಲೇ ಹೊಳೆಯುವ ಪ್ರಶ್ನೆ, ಏಕೆಂದರೆ ಬಸಿದ ನೀರಿನಿಂದಲೇ ಬಸ್ಸಾರು ಮಾಡುವ ಸೀಮೆ ಇದು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಾಲಕ್, ಹರಿವೆ, ದಂಟು ಮೊದಲಾದ ಸೊಪ್ಪುಗಳಲ್ಲಿ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ವಸ್ತು ಹೆಚ್ಚು. ನೀರಿನಲ್ಲಿ ಕರಗುವ ಆಕ್ಸಲೇಟಿನ ಒಂದು ಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಬಸ್ಸಾರು ಉಣ್ಣುವುದಕ್ಕೂ, ಪ್ರತಿದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಸಿ ಪಾಲಕ್ಕಿನ ದೊಡ್ಡ ಲೋಟ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಹಸಿ ಸೊಪ್ಪಿನ ಸ್ಮೂದಿಯನ್ನು ಅತಿಯಾಗಿ ಕುಡಿದು, ಆಕ್ಸಲೇಟ್ ಮೂತ್ರಪಿಂಡದಲ್ಲಿ ಸೇರಿ ಅಪಾಯಕ್ಕೀಡಾದ ರೋಗಿಗಳ ವಿವರಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಪ್ರಕಟವಾಗಿವೆ. ಇಂಥವು ವಿರಳ, ಆದರೂ ದಿನನಿತ್ಯದ ಅಭ್ಯಾಸವೆಂದು ಕೈಗೊಳ್ಳುವಾಗ ಎಚ್ಚರ ಬೇಕೇ ಬೇಕು. ಆದ್ದರಿಂದ ಆ ನೀರನ್ನು ಆರಿಸಿ ಗಿಡಗಳಿಗೆ ಹಾಕಿ, ಸ್ಮೂದಿಗೆ ಬೇಡ. ವಾರದ ಏಳು ದಿನವೂ ಪಾಲಕ್ಕನ್ನೇ ಬಳಸದೆ ಮೆಂತ್ಯ, ನುಗ್ಗೆ, ಕೊತ್ತಂಬರಿ, ಒಂದೆಲಗಗಳನ್ನು ಸರದಿಯಲ್ಲಿ ಬಳಸಿ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುತ್ತಿರುವವರು ವೈದ್ಯರನ್ನು ಕೇಳಿದ ನಂತರವೇ ಸೊಪ್ಪಿನ ಸ್ಮೂದಿಯನ್ನು ರೂಢಿಸಿಕೊಳ್ಳಬೇಕು. ವಾರ್ಫರಿನ್ ವಿಷಯದಲ್ಲಿ ಸೊಪ್ಪಿನ ಕೆ ಜೀವಸತ್ವ ದಿನದಿಂದ ದಿನಕ್ಕೆ ಏರುಪೇರಾದರೆ ಔಷಧಿಯ ಪರಿಣಾಮವೇ ಬದಲಾಗುತ್ತದೆ.

ಕ್ಯಾರೆಟ್, ಸಿಹಿಗುಂಬಳ, ಗೆಣಸುಗಳಿಗೆ ನೀರಿಗಿಂತ ಹಬೆ ಒಳ್ಳೆಯದು. ಇದಕ್ಕೆ ಯಾವ ಹೊಸ ಸಲಕರಣೆಯೂ ಬೇಡ, ಮನೆಯ ಇಡ್ಲಿ ಪಾತ್ರೆಯೇ ಸಾಕು. ಹಬೆಯಲ್ಲಿ ಕುದಿನೀರಿಗಿಂತ ಸುಮಾರು ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ಹೀಗಾಗಿ ನೀರಿನಲ್ಲಿ ಎರಡು ನಿಮಿಷ ಬೇಕಾಗುವ ಕ್ಯಾರೆಟ್ ಹೋಳುಗಳಿಗೆ ಇಲ್ಲಿ ಮೂರು ನಿಮಿಷ. ಕಿಣ್ವಗಳನ್ನು ತಡೆಯಲು ಅಷ್ಟು ಸಾಕಾದರೂ ಮಿಕ್ಸಿಯಲ್ಲಿ ನುಣ್ಣಗಾಗಲು ಸಾಲದು. ಆದ್ದರಿಂದ ನಾನು ಕ್ಯಾರೆಟ್ಟನ್ನು ಉಗುರಿನಿಂದ ಒತ್ತಿದರೆ ತಗ್ಗುವವರೆಗೂ ಬೇಯಿಸುತ್ತೇನೆ. ಸಿಹಿಗುಂಬಳವನ್ನೂ ಗೆಣಸನ್ನೂ ಪೂರ್ತಿ ಬೇಯಿಸಿ, ತಣಿದ ಮೇಲೆ ಸಿಪ್ಪೆ ತೆಗೆದು ಕಿವುಚಿಡಬಹುದು. ಬೀಟ್ರೂಟಿನ ಬಾಲ ಮತ್ತು ತೊಟ್ಟಿನ ಒಂದಿಂಚು ಹಾಗೆಯೇ ಬಿಟ್ಟು ಇಡಿಯಾಗಿ ಬೇಯಿಸಿದರೆ ಬಣ್ಣ ನೀರಿಗೆ ಹೋಗುವುದಿಲ್ಲ. ಸಣ್ಣ ಗೆಡ್ಡೆಗೆ ಅರ್ಧ ಗಂಟೆ, ಮಧ್ಯಮ ಗಾತ್ರದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕುಕ್ಕರಿನಲ್ಲಿ ಇನ್ನೂ ಬೇಗ. ಟೊಮೆಟೊ, ಶುಂಠಿ, ಪುದೀನ, ಬೀಜ ತೆಗೆದ ನೆಲ್ಲಿಕಾಯಿ ಇವುಗಳನ್ನು ಹಸಿಯಾಗಿಯೇ ಇಡಬಹುದು. ಹೆಪ್ಪುಗಟ್ಟಿದ ಟೊಮೆಟೊವನ್ನು ನಲ್ಲಿಯ ಕೆಳಗೆ ಹಿಡಿದರೆ ಸಿಪ್ಪೆ ತಾನಾಗಿ ಸುಲಿದುಬರುತ್ತದೆ.

ಇನ್ನು ಸೋರೆಕಾಯಿ, ಸೌತೆಕಾಯಿ, ಬೂದುಗುಂಬಳಗಳ ವಿಚಾರ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಬೇಡುತ್ತೇನೆ, ಏಕೆಂದರೆ ಇದು ಪ್ರಾಣದ ಪ್ರಶ್ನೆ. ಈ ಕುಟುಂಬದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತುಗಳಿರುತ್ತವೆ. ಸಾಮಾನ್ಯವಾಗಿ ಅವು ಲೆಕ್ಕಕ್ಕೆ ಬಾರದಷ್ಟು ಕಡಿಮೆ; ಆದರೆ ಕೆಲವೊಮ್ಮೆ ಒಂದು ಕಾಯಿಯಲ್ಲಿ ಅಪಾಯದ ಮಟ್ಟಕ್ಕೆ ಏರಿರುತ್ತವೆ. ಹೊರಗಿನಿಂದ ನೋಡಿದರೆ ಯಾವ ಗುರುತೂ ಸಿಗದು. ಕಹಿ ಸೋರೆಕಾಯಿಯ ರಸ ಕುಡಿದವರು ವಾಂತಿ, ರಕ್ತವಾಂತಿ, ಭೇದಿ, ರಕ್ತದೊತ್ತಡದ ಕುಸಿತಕ್ಕೆ ಒಳಗಾದ ಮತ್ತು ಕೆಲವರು ತೀರಿಕೊಂಡ ಪ್ರಕರಣಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೊಂದು ಪರಿಶೀಲಿಸಿತು. ಅದರ ವರದಿ 2012ರಲ್ಲಿ ಪ್ರಕಟವಾಯಿತು. ರಸ ಮಾಡುವ ಮೊದಲು ಒಂದು ಚೂರನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು ಎಂಬುದು ಆ ಸಮಿತಿಯ ಮುಖ್ಯ ಸಲಹೆಗಳಲ್ಲೊಂದು. ಸೌತೆಕಾಯಿಯ ತುದಿ ಕತ್ತರಿಸಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಆಮೇಲೆ ಕೋಸಂಬರಿಗೆ ಹೆಚ್ಚುವ ನಮ್ಮ ತಾಯಂದಿರ ಪದ್ಧತಿಯೂ ಇದೇ ಅಲ್ಲವೇ? ಸ್ಮೂದಿಯಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬಾಳೆಹಣ್ಣು, ಖರ್ಜೂರಗಳ ಸಿಹಿಯಲ್ಲಿ ಕಹಿ ಮುಚ್ಚಿಹೋಗುತ್ತದೆ. ಬೇಯಿಸುವುದರಿಂದಾಗಲಿ ಹೆಪ್ಪುಗಟ್ಟಿಸುವುದರಿಂದಾಗಲಿ ಈ ವಸ್ತು ನಾಶವಾಗುವುದಿಲ್ಲ. ಆದ್ದರಿಂದ ಫ್ರೀಜರ್‌ಗಾಗಿ ನಾಲ್ಕು ಕಾಯಿ ಹೆಚ್ಚುವಾಗ ನಾಲ್ಕನ್ನೂ ಬೇರೆಬೇರೆಯಾಗಿ ರುಚಿ ನೋಡಿ. ಎಲ್ಲವನ್ನೂ ಬೆರೆಸಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಕುಡಿಯುವಾಗ ಕಹಿಯೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಕುಡಿದ ಮೇಲೆ ಹೊಟ್ಟೆ ತೊಳಸಿದರೆ, ವಾಂತಿಯಾದರೆ ಮನೆಮದ್ದು ಹುಡುಕದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸಿದ್ಧಪಡಿಸಿದ ತರಕಾರಿಯನ್ನು ಹೆಪ್ಪುಗಟ್ಟಿಸುವಾಗ ವೇಗ ಮುಖ್ಯ. 1912ರಲ್ಲಿ ಉತ್ತರ ಅಮೆರಿಕದ ಲ್ಯಾಬ್ರಡಾರ್ ಪ್ರದೇಶಕ್ಕೆ ಹೋಗಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ, ಅಲ್ಲಿನ ಇನ್ಯುಯಿಟ್ ಜನರು ಹಿಡಿದ ಮೀನು ಕಡುಚಳಿಯ ಗಾಳಿಯಲ್ಲಿ ಕ್ಷಣಗಳಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ನಂತರವೂ ತಾಜಾ ರುಚಿ ಉಳಿಸಿಕೊಳ್ಳುವುದನ್ನೂ ಗಮನಿಸಿದರು. ವೇಗವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಸಣ್ಣವಾಗಿರುತ್ತವೆ, ನಿಧಾನವಾದರೆ ದೊಡ್ಡವಾಗಿ ಬೆಳೆದು ಜೀವಕೋಶದ ಗೋಡೆಗಳನ್ನು ಸೀಳುತ್ತವೆ. ಈ ತಿಳಿವಳಿಕೆಯ ಮೇಲೆ ಅವರು ಕಟ್ಟಿದ ಉದ್ಯಮದ ಸರಕು 1930ರ ಮಾರ್ಚ್ 6ರಂದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಿಗೆ ಬಂದಿತು. ಮೊದಲ ದಿನದ ಆ ಸರಕಿನಲ್ಲಿ ಬಟಾಣಿಯೂ ಪಾಲಕ್ಕೂ ಇದ್ದವು. ನಮ್ಮ ಮನೆಯ ಫ್ರೀಜರ್‌ನಲ್ಲಿ ಅಂಥ ವೇಗ ಸಾಧ್ಯವಿಲ್ಲ, ಕೋಶಗಳು ಒಡೆದೇ ಒಡೆಯುತ್ತವೆ. ಕರಗಿಸಿದ ತರಕಾರಿ ಮೆತ್ತಗಾಗಿ ನೀರು ಬಿಡುವುದು ಅದರಿಂದಲೇ. ಆದರೆ ಪಲ್ಯಕ್ಕೆ ದೋಷವಾಗುವ ಈ ಮೆತ್ತನೆಯ ಗುಣವೇ ಸ್ಮೂದಿಗೆ ಅನುಕೂಲ. ಮಿಕ್ಸಿ ಒಡೆಯಬೇಕಾದ ಗೋಡೆಗಳನ್ನು ಮಂಜೇ ಅರ್ಧ ಒಡೆದಿಟ್ಟಿರುತ್ತದೆ. ಹಸಿಯಾಗಿ ಎಷ್ಟು ತಿರುವಿದರೂ ತರಿತರಿಯಾಗಿ ಉಳಿಯುವ ನುಗ್ಗೆಸೊಪ್ಪು, ಹೀಗೆ ಬೆಂದು ಹೆಪ್ಪುಗಟ್ಟಿ ಬಂದಾಗ ಬೆಣ್ಣೆಯಂತೆ ನುಣ್ಣಗಾಗುತ್ತದೆ. ಫ್ರೀಜರ್ ಮತ್ತು ಸ್ಮೂದಿ ಒಂದಕ್ಕೊಂದು ಹೊಂದುತ್ತವೆ ಎಂದು ನಾನು ನಂಬುವುದಕ್ಕೆ ಇದೇ ಕಾರಣ.

ಆದರೂ ಹೋಳುಗಳು ಒಂದಕ್ಕೊಂದು ಅಂಟಿ ಬಂಡೆಯಾಗಬಾರದು. ಅದಕ್ಕಾಗಿ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಎರಡು ಮೂರು ಗಂಟೆ ಫ್ರೀಜರ್‌ನಲ್ಲಿಟ್ಟು, ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಬೇಕು. ಸೊಪ್ಪನ್ನೂ ಕುಂಬಳದ ತಿರುಳನ್ನೂ ಅರೆದು ಐಸ್ ಟ್ರೇಯಲ್ಲಿ ಹಾಕುವುದು ಹೆಚ್ಚಿನವರ ಕ್ರಮ. ನನಗೆ ತೂತಿಲ್ಲದ ಇಡ್ಲಿ ತಟ್ಟೆಯೇ ಇಷ್ಟ. ಒಂದು ಗುಳಿಯಷ್ಟು ಸೊಪ್ಪಿನ ಬಿಲ್ಲೆ ಒಬ್ಬರಿಗೆ ಸರಿಯಾದ ಅಳತೆ, ಎಣಿಸುವ ಕೆಲಸವೂ ಉಳಿಯುತ್ತದೆ. ಒಬ್ಬರಿಗೆ ಒಂದು ಸೊಪ್ಪಿನ ಬಿಲ್ಲೆ, ಒಂದು ಹಿಡಿ ಕ್ಯಾರೆಟ್ ಅಥವಾ ಕುಂಬಳ, ಒಂದು ಏಲಕ್ಕಿ ಬಾಳೆಯ ಹೋಳು, ಒಂದು ಚೂರು ಶುಂಠಿ ಎಂಬ ಲೆಕ್ಕದಲ್ಲಿ ದಿನಕ್ಕೊಂದು ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದಿಡುತ್ತೇನೆ. ಗಾಳಿಯನ್ನು ಆದಷ್ಟು ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ತರಕಾರಿಯ ತೇವ ಆರಿ ಬಿಳಿಚಿಕೊಳ್ಳುತ್ತದೆ. ಡಬ್ಬಿಗಳಲ್ಲಿ ಅರೆದದ್ದನ್ನು ತುಂಬುವವರು ಮೇಲೆ ಒಂದು ಬೆರಳಷ್ಟು ಜಾಗ ಬಿಡಬೇಕು. ನೀರು ಮಂಜಾದಾಗ ಸುಮಾರು 9% ಹಿಗ್ಗುತ್ತದೆ, ಗಾಜಿನ ಬಾಟಲಿ ಒಡೆಯುವುದು ಹಾಗೆಯೇ. ಮೈನಸ್ 18 ಡಿಗ್ರಿಯಲ್ಲಿ ಹೀಗೆ ಸಿದ್ಧಪಡಿಸಿದ ತರಕಾರಿ ಎಂಟರಿಂದ ಹನ್ನೆರಡು ತಿಂಗಳು ಇರುತ್ತದೆಂದು ಹೇಳುವುದುಂಟು. ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುವ ನಮ್ಮ ಮನೆಗಳಲ್ಲಿ ಎರಡು ತಿಂಗಳು ಮೀರಿಸಬಾರದೆಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಬಟಾಣಿ, ಮೆಕ್ಕೆಜೋಳ, ಪಾಲಕ್ ಪೊಟ್ಟಣಗಳನ್ನೇ ನೇರವಾಗಿ ಮಿಕ್ಸಿಗೆ ಹಾಕಬಹುದಲ್ಲವೇ ಎಂದು ಕೇಳುತ್ತಾರೆ. ಹಾಕಬೇಡಿ. ಅವುಗಳಲ್ಲಿ ಬಹುಪಾಲು, ಬೇಯಿಸಿ ತಿನ್ನುವುದಕ್ಕೆಂದು ತಯಾರಾದವು. ಶೈತ್ಯವು ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. 2015ರಿಂದ 2018ರ ನಡುವೆ ಯುರೋಪಿನ ಐದು ದೇಶಗಳಲ್ಲಿ ಹೆಪ್ಪುಗಟ್ಟಿಸಿದ ಮೆಕ್ಕೆಜೋಳದ ಮೂಲಕ ಹರಡಿದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ 47 ಮಂದಿ ಕಾಯಿಲೆ ಬಿದ್ದು, ಅವರಲ್ಲಿ 9 ಮಂದಿ ತೀರಿಕೊಂಡರು. ಗರ್ಭಿಣಿಯರಿಗೂ ವಯಸ್ಸಾದವರಿಗೂ ಈ ಸೋಂಕು ವಿಶೇಷವಾಗಿ ಅಪಾಯಕಾರಿ. ಪೊಟ್ಟಣದ ತರಕಾರಿಯನ್ನು ಚೆನ್ನಾಗಿ ಬೇಯಿಸಿ, ತಣಿಸಿ ಬಳಸಿದರೆ ತೊಂದರೆಯಿಲ್ಲ. ಮನೆಯಲ್ಲಿ ಮಾಡುವಾಗಲೂ ಸೊಪ್ಪನ್ನು ಹರಿಯುವ ನೀರಿನಲ್ಲಿ ಮಣ್ಣು ಹೋಗುವವರೆಗೆ ತೊಳೆಯುವುದನ್ನೂ, ಬೆಂದ ತರಕಾರಿ ಮುಟ್ಟುವ ಕೈ, ಮಣೆ, ಚಾಕುಗಳ ಶುಚಿತ್ವವನ್ನೂ ಸಡಿಲಿಸಬಾರದು.

ಬೆಳಿಗ್ಗೆ ಎದ್ದ ಮೇಲಿನ ಕೆಲಸ ಐದು ನಿಮಿಷದ್ದು. ಜಾರಿಗೆ ಮೊದಲು ಮಜ್ಜಿಗೆ, ನೀರು ಅಥವಾ ಎಳನೀರು ಸುರಿದು, ಪೊಟ್ಟಣವನ್ನು ಅದರಲ್ಲಿ ಹಾಕಿ, ಹಲ್ಲುಜ್ಜಿ ಬರುವಷ್ಟು ಹೊತ್ತು ಬಿಡಿ. ಕಲ್ಲಿನಂಥ ತುಂಡುಗಳನ್ನು ಒಣಜಾರಿನಲ್ಲಿ ತಿರುಗಿಸಿದರೆ ನಮ್ಮ ಸಾಧಾರಣ ಮಿಕ್ಸಿಯ ಬ್ಲೇಡೂ ಕಪ್ಲರೂ ಬಾಳುವುದಿಲ್ಲ. ಮೊದಲು ಬಿಟ್ಟು ಬಿಟ್ಟು ತಿರುಗಿಸಿ, ತುಂಡಾದ ಮೇಲೆ ವೇಗ ಹೆಚ್ಚಿಸಬೇಕು. ಕ್ಯಾರೆಟ್, ಕುಂಬಳ, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಒಂದು ಚಮಚ ಹುರಿದ ಅಗಸೆ ಪುಡಿ, ನಾಲ್ಕು ನೆನೆಸಿದ ಬಾದಾಮಿ ಅಥವಾ ಒಂದು ಹಿಡಿ ಕಾಯಿತುರಿ ಅದನ್ನು ಒದಗಿಸುತ್ತದೆ. ನಿಂಬೆರಸವನ್ನು ಕೊನೆಗೆ ಹಿಂಡಿ. ಸೊಪ್ಪಿನಲ್ಲಿರುವ ಕಬ್ಬಿಣಾಂಶ ಹೀರಿಕೆಯಾಗಲು ಅದು ನೆರವಾಗುತ್ತದೆ, ಆದರೆ ಮುಂಚೆಯೇ ಬೆರೆಸಿಟ್ಟರೆ ಹುಳಿಯ ಪ್ರಭಾವದಿಂದ ಹಸಿರು ಕಂದಾಗುತ್ತದೆ. ಹಸಿ ಪಪ್ಪಾಯಿ, ಅನಾನಸ್ ಹೋಳುಗಳನ್ನು ಹಾಲಿನೊಂದಿಗೆ ತಿರುವಿಟ್ಟರೆ ಕಹಿಯಾಗುವುದನ್ನು ನೀವು ಕಂಡಿರಬಹುದು. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದೇ ಕಾರಣ, ಮತ್ತು ಹೆಪ್ಪುಗಟ್ಟಿಸಿದರೂ ಆ ಕಿಣ್ವಕ್ಕೆ ಏನೂ ಆಗುವುದಿಲ್ಲ. ಅವಕ್ಕೆ ನೀರೋ ಎಳನೀರೋ ಸಾಕು. ನನ್ನ ಮನೆಯಲ್ಲಿ ಹೆಚ್ಚಾಗಿ ನಡೆಯುವುದು ನುಗ್ಗೆಸೊಪ್ಪು, ಬಾಳೆಹಣ್ಣು, ಜೀರಿಗೆ ಪುಡಿ, ಮಜ್ಜಿಗೆಯ ಮೇಳ. ತಂಬುಳಿಯ ರುಚಿ ಬಲ್ಲವರಿಗೆ ಅದು ಪರಿಚಿತವೆನಿಸುತ್ತದೆ. ಮಕ್ಕಳಿಗೆ ಸಿಹಿಗುಂಬಳ, ಖರ್ಜೂರ, ಏಲಕ್ಕಿ, ಹಾಲು ಹಿಡಿಸುತ್ತದೆ. ಯಾವುದನ್ನೂ ಸೋಸಬೇಡಿ, ಸೋಸಿದರೆ ನಾರು ಹೋಗುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ. ಬೇಯಿಸಿದರೆ ಜೀವಸತ್ವವೆಲ್ಲ ಹೋಗುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಸಿ ಜೀವಸತ್ವದ ಒಂದು ಪಾಲು, ಬಿ ಗುಂಪಿನ ಕೆಲವು ಜೀವಸತ್ವಗಳ ಒಂದು ಪಾಲು ಖಂಡಿತ ನಷ್ಟವಾಗುತ್ತದೆ. ಆದರೆ ಆ ನಷ್ಟವನ್ನು ಹೊಲದಿಂದ ಆಗತಾನೆ ಕಿತ್ತ ಸೊಪ್ಪಿನೊಂದಿಗೆ ಹೋಲಿಸಬಾರದು. ಮಾರುಕಟ್ಟೆಯ ಬಿಸಿಲಲ್ಲಿ ಅರ್ಧ ದಿನ, ಫ್ರಿಜ್ಜಿನಲ್ಲಿ ನಾಲ್ಕು ದಿನ ಬಾಡಿದ ಸೊಪ್ಪಿನೊಂದಿಗೆ ಹೋಲಿಸಬೇಕು. ಅದರಲ್ಲಿಯೂ ಸಿ ಜೀವಸತ್ವ ದಿನದಿನಕ್ಕೆ ಇಳಿಯುತ್ತಲೇ ಇರುತ್ತದೆ. ಕೊರತೆಯನ್ನು ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ತುಂಬಿಕೊಡುತ್ತವೆ. ನಾರು, ಖನಿಜಾಂಶ, ಕ್ಯಾರೊಟಿನ್ ಹೆಚ್ಚುಕಡಿಮೆ ಉಳಿದೇ ಇರುತ್ತವೆ.

ಎರಡನೆಯ ಪ್ರಶ್ನೆ, ತಮ್ಮ ಮನೆಯಲ್ಲಿರುವುದು ಒಂದೇ ಬಾಗಿಲಿನ ಹಳೆಯ ಫ್ರಿಜ್, ಬೇಸಿಗೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುತ್ತದೆ, ತಾವೇನು ಮಾಡಬೇಕು ಎಂದು ಕೇಳಿದ ಗೃಹಿಣಿಯೊಬ್ಬರದು. ಅಂಥ ಫ್ರಿಜ್ಜಿನ ಒಳಗಿನ ಪುಟ್ಟ ಫ್ರೀಜರ್ ಅನೇಕ ಬಾರಿ ಮೈನಸ್ 18 ಡಿಗ್ರಿಗೆ ಇಳಿಯುವುದಿಲ್ಲ. ಆದ್ದರಿಂದ ಎರಡು ತಿಂಗಳ ಮಾತು ಅವರಿಗೆ ಅನ್ವಯಿಸದು, ಒಂದು ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಲಿ. ಸುತ್ತ ಕಟ್ಟಿದ ಮಂಜು ಅರ್ಧ ಸೆಂಟಿಮೀಟರ್ ದಾಟಿದಾಗ ಕರಗಿಸಿ ತೆಗೆಯಲಿ. ಕರೆಂಟು ಹೋದಾಗ ಬಾಗಿಲು ತೆರೆಯದಿರಲಿ. ಒಂದು ಸಣ್ಣ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿರಲಿ. ಊರಿಗೆ ಹೋಗಿ ಬಂದಾಗ ನಾಣ್ಯ ಮಂಜಿನ ಮೇಲೆಯೇ ಇದ್ದರೆ ಪೊಟ್ಟಣಗಳನ್ನು ಬಳಸಬಹುದು. ತಳ ಸೇರಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿದು, ಮನಸ್ಸು ಗಟ್ಟಿಮಾಡಿಕೊಂಡು ಆ ವಾರದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಬೇಕು.